ಕೆಳಗಿನ ಡೆಕ್ಕಿನ ಕೀಲಿ

ಗಿರಿಯಪ್ಪನ ಹೇಳಿಕೆಯನ್ನು ಇಂಗ್ಲಿಷಿಗೆ ತಿರುಗಿಸಿದವನು ನಾನು. ಅದರಲ್ಲಿ ಒಂದು ಶಬ್ದವನ್ನು ಬೇಕೆಂದೇ ತಪ್ಪು ಬರೆದವನೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಕೇಳಿ ನಿಮಗೆ ಸಿಟ್ಟು ಬಂದರೆ ಅದರಲ್ಲಿ ನನ್ನ ಪಾಲೂ ಇರಲಿ.

೧೯೩೬ರಲ್ಲಿ ನಾನು ಧಾರವಾಡದ ಕಲೆಕ್ಟರ ಕಚೇರಿಯಲ್ಲಿ ದುಭಾಷಿ ಕಾರಕೂನನಾಗಿದ್ದೆ. ಗೋವಿಂದಪ್ಪ ಅಂತ ಹೆಸರು. ನಮ್ಮ ಕೇರಿಯಿಂದ ಸರಕಾರಿ ಖುರ್ಚಿಯ ಮೇಲೆ ಕೂತವರಲ್ಲಿ ನಾನೇ ಮೊದಲನೆಯವ. ಆ ಖುರ್ಚಿ ಎಲ್ಲಿ ಹೋದೀತೋ ಎಂಬ ಹೆದರಿಕೆ ನನಗೆ ಹಗಲೆಲ್ಲ ಇರುತ್ತಿತ್ತು.

ಆ ವರ್ಷ ಮೇ ತಿಂಗಳ ಕೊನೆಯಲ್ಲಿ ‘ಜಲಪ್ರಭಾ’ ಎಂಬ ಆಗಬೋಟು, ಅಂದರೆ ಉಗಿಹಡಗು, ಕಾರವಾರದಿಂದ ಮುಂಬಯಿಗೆ ಹೊರಟಿತ್ತು. ಮಳೆಗಾಲಕ್ಕೆ ಬೋಟುಗಳು ನಿಲ್ಲುವ ಮೊದಲಿನ ಕೊನೆಯ ಫೇರಿ ಅದು. ನಾಲ್ಕು ನೂರು ಜನ ಹಿಡಿಯುವ ಬೋಟಿನಲ್ಲಿ ಏಳು ನೂರರ ಹತ್ತಿರ ಜನರನ್ನು ತುಂಬಿದ್ದರು. ಮರುದಿನ ಮಧ್ಯಾಹ್ನ ಕೊಂಕಣದ ದಂಡೆಯ ಆಚೆ ಗಾಳಿಗೆ ಸಿಕ್ಕು ಅದು ಮಗ್ಗುಲಾಗಿ ಮುಳುಗಿತು. ಬದುಕಿದವರು ತೊಂಬತ್ತು ಮಂದಿ. ಅವರಲ್ಲಿ ನಮ್ಮ ಜಿಲ್ಲೆಯವರು ಒಂಬತ್ತು ಜನ. ಅವರ ಹೇಳಿಕೆ ಬರೆದುಕೊಳ್ಳಲು ಜುಲೈದಲ್ಲಿ ಮುಂಬಯಿಯಿಂದ ಚೌಕಶಿ ಮಾಡುವ, ಅಂದರೆ ವಿಚಾರಣೆಯ, ಸಾಹೇಬ ಬಂದ. ಅವನ ಜೊತೆಗೆ ಕಂಪನಿಯ ವಕೀಲನೂ ಬಂದ.

ಗಿರಿಯಪ್ಪನನ್ನು ಕರೆದದ್ದು ಊಟದ ಹೊತ್ತಿನ ನಂತರ. ಗಬ್ಬೂರಿನ ನಮ್ಮ ಕೇರಿಯವನೇ, ಹುಬ್ಬಳ್ಳಿಯ ಹತ್ತಿ ಜಿನ್ನಿನಲ್ಲಿ ಫಿಟರ್. ನಲವತ್ತರ ಒಳಗಿನ ವಯಸ್ಸು, ಗಟ್ಟಿ ತೋಳು. ಬಲಗೈಯ ಎರಡು ಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿದ್ದವು. ಹತ್ತಿಯ ಹಂಗಾಮು ಮುಗಿದ ಮೇಲೆ ಮಳೆಗಾಲಕ್ಕೆ ಮುಂಬಯಿಯ ಗಿರಣಿಯಲ್ಲಿ ಕೆಲಸ ನೋಡೋಣವೆಂದು ಹೆಂಡತಿ ಸತ್ಯವ್ವನನ್ನು ಕರೆದುಕೊಂಡು ಹೊರಟಿದ್ದ.

“ಹೇಳಪಾ, ಏನಾತು?” ಎಂದೆ.

“ನಾವು ಕೆಳಗಿನ ಡೆಕ್ಕಿನ್ಯಾಗ ಇದ್ವಿ ರೀ. ಆಕಿಗಿ ವಾಂತಿ ಹತ್ತಿತ್ತು. ನೀರು ತರಾಕ ತಂಬಿಗಿ ತಗೊಂಡು ಮ್ಯಾಲೆ ಹೋದ್ನಿ. ಗಾಳಿ ಜೋರಾತು. ತಿರಗಿ ಬರೂದ್ರಾಗ, ಕೆಳಗಿನವರು ಮ್ಯಾಲೆ ಬರಬಾರದಂತ, ಮೆಟ್ಟಲದ ಬಾಯಿಗಿ ಇರೂ ಸರಳಿನ ಗೇಟು ಎಳದು ಕೀಲಿ ಹಾಕಿದ್ರು. ಕೆಳಗಿನ ಮಂದಿ ಎಲ್ಲಾ ಗೇಟಿಗಿ ಬಂದು ಚೀರಾಕತ್ತಿದ್ರು. ತಂಬಿಗಿ ತಗೊಂಡು ಕೀಲಿ ಹೊಡದ್ನಿ. ತಂಬಿಗಿ ಚಪ್ಪಟಿ ಆತು. ಕೈಲೆ ಎಳದ್ನಿ. ಈ ಬೆಳ್ಳ ಆಗ ಮುರದದ್ದು.”

ಸೊಟ್ಟ ಬೆರಳುಗಳನ್ನು ಮುಂದೆ ಚಾಚಿ ತೋರಿಸಿದ. ನಾನು ತಲೆ ಎತ್ತಲಿಲ್ಲ.

“ನನ್ನ ಸುತ್ತಿಗಿ ಕೆಳಗ ಗಂಟಿನ್ಯಾಗ ಇತ್ರಿ. ಸತ್ಯವ್ವ ಸರಳಿನ ಸಂದ್ಯಾಗಿಂದ ನನ್ನ ನೋಡಿ, ‘ತಡೀರಿ, ಸುತ್ತಿಗಿ ತಂದು ಕೊಡ್ತೇನಿ’ ಅಂದ್ಲು. ಗದ್ದಲದಾಗ ಹಿಂದಕ ತಿರಗಿ ಹೋದ್ಲು. ಅಷ್ಟರಾಗ ಬೋಟು ಮಗ್ಗಲಾತು.”

ನಾನು ಇಂಗ್ಲಿಷಿನಲ್ಲಿ ಬರೆದೆ. ಕೀಲಿಯ ಮಾತು ಬಂದಲ್ಲಿ ‘ಗೇಟು ಮುಚ್ಚಿತ್ತು’ ಎಂದು ಬರೆದೆ. ಯಾಕೆಂದರೆ ಊಟದ ಹೊತ್ತಿನಲ್ಲಿ ವಕೀಲ ವರಾಂಡದಲ್ಲಿ ನನ್ನ ಪಕ್ಕ ನಿಂತು, “ಮುಚ್ಚಿತ್ತು ಅಂತ ಬರೆದರೆ ಸಾಕು. ಕೀಲಿಯ ಮಾತು ಗೊಂದಲದಲ್ಲಿ ಹುಟ್ಟಿದ್ದು. ಸಾಹೇಬರಿಗೂ ಹಾಗೇ ಅನ್ನಿಸಿದೆ” ಎಂದಿದ್ದ. ಕೈಗೆ ಏನೂ ಇಡಲಿಲ್ಲ. ಇಡಬೇಕಾಗಿಯೂ ಇರಲಿಲ್ಲ. ಸಾಹೇಬರಿಗೆ ಅನ್ನಿಸಿದೆ ಎಂದದ್ದೇ ನನಗೆ ಸಾಕಾಗಿತ್ತು.

ಹೆಬ್ಬೆಟ್ಟಿನ ಶಾಯಿ ಮುಂದೆ ಸರಿಸಿದೆ. ಗಿರಿಯಪ್ಪ ಕೈ ಚಾಚಲಿಲ್ಲ.

“ಏನ್ ಬರದೀರಿ, ಓದಿ ಹೇಳ್ರಿ.”

ಕನ್ನಡದಲ್ಲಿ ಓದಿ ಹೇಳಿದೆ. ಸುಳ್ಳು ಹೇಳುವಷ್ಟು ಧೈರ್ಯವೂ ನನಗಿರಲಿಲ್ಲ. ಬರೆದದ್ದನ್ನು ಬರೆದಂತೆಯೇ ಓದಿದೆ. ‘ಗೇಟು ಮುಚ್ಚಿತ್ತು’ ಎಂದ ಕೂಡಲೇ ಅವನು ಮೇಜಿನ ಮೇಲೆ ಅಂಗೈ ಊರಿದ.

“ಮುಚ್ಚಿತ್ತು ಅಂದ್ರ? ಗಾಳಿಗಿ ಬಾಗಲಾ ಮುಚ್ಚತೈತಿ. ನಾ ಹಂಗ ಹೇಳಿಲ್ಲ. ಕೀಲಿ ಹಾಕಿದ್ರು. ಹಾಕಿದ್ರು ರೀ! ಬೋಟಿನ ಬಿಳೇ ಕೋಟಿನ ಮನಷ್ಯಾ ಹಾಕಿದ. ಹಾಕಿ ಕೀಲಿಕೈ ಕಿಸೇದಾಗ ಇಟ್ಕೊಂಡು ಮ್ಯಾಲೆ ಹೋಗೂದನ್ನ ನೋಡೇನಿ. ಅದನ್ನ ಬರೀರಿ.”

ಸಾಹೇಬ ನನ್ನ ಕಡೆ ನೋಡಿದ. ನನ್ನ ಕಿವಿ ಬಿಸಿಯಾದವು. ಗಿರಿಯಪ್ಪ ದನಿ ಇಳಿಸಿ ನನಗೊಬ್ಬನಿಗೇ ಎಂಬಂತೆ ಹೇಳಿದ: “ಗೋವಿಂದಪ್ಪಾರ, ನಿಮ್ಮವ್ವನೂ ನಮ್ಮವ್ವನೂ ಒಂದ ಕೆರಿ ನೀರಿಗಿ ದೂರ ನಿಂತು ಬೈಸ್ಕೊಂಡವರು. ನಿಮಗ ಇಷ್ಟ ಬರಿಯಾಕ ಆಗೂದಿಲ್ಲೇನು?”

ಆ ಸಾಲನ್ನು ಹೊಡೆದುಹಾಕಿ, ಅವನು ಹೇಳಿದಂತೆಯೇ ಬರೆದು, ಎದ್ದು ನಿಂತು ಸಾಹೇಬನಿಗೆ ಓದಿ ಹೇಳಿದೆ.

ವಕೀಲ ನಕ್ಕ. “ಅಂಥ ಗದ್ದಲದಲ್ಲಿ ಕೀಲಿ ಹಾಕಿತ್ತೋ, ಚಿಲಕ ಬಿಗಿದುಕೊಂಡಿತ್ತೋ ನಿನಗೆ ಹೇಗೆ ಗೊತ್ತು?”

“ಹದಿನಾರು ವರ್ಷ ಕಬ್ಬಿಣದ ಕೂಡ ಬಾಳೇ ಮಾಡೇನಿ ರೀ. ಬಿಗದದ್ದು ಯಾವುದು, ಕೀಲಿ ಹಾಕಿದ್ದು ಯಾವುದು, ಕಣ್ಣು ಮುಚ್ಚಿ ಹೇಳ್ತೇನಿ.”

“ಬೋಟು ಮುಳುಗಿದ್ದು ಕೀಲಿಯಿಂದಲ್ಲ. ಕೆಳಗಿನ ಹಳ್ಳಿಯ ಜನ ಹೆದರಿ ಎಲ್ಲರೂ ಒಂದೇ ಮಗ್ಗುಲಿಗೆ ಓಡಿದರು. ತೂಕ ತಪ್ಪಿತು. ಹೌದೋ ಅಲ್ಲವೋ?”

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಗಿರಿಯಪ್ಪನ ಕತ್ತಿನ ನರ ಉಬ್ಬಿದವು.

“ಕೀಲಿ ಹಾಕಿದ ಮ್ಯಾಲೆ ಓಡೂದು ಎಲ್ಲಿಗಿ ರೀ? ಎತ್ತ ಓಡ್ಯಾರು? ಕುರಿ ದಡ್ಡ್ಯಾಗ ತುಂಬಿಧಂಗ ತುಂಬಿದ್ರಿ. ಕಾಲಿಡಾಕ ಜಾಗಾ ಇರಲಿಲ್ಲ. ನನ್ನ ಹೇಣ್ತಿ ಸುತ್ತಿಗಿ ತರಾಕ ಹೋಗಿ ಸತ್ಲು. ಓಡಿ ಸಾಯಲಿಲ್ಲ!”

ಸಾಹೇಬ ಗಡಿಯಾರ ನೋಡಿ, ಸಾಕು ಎಂದು ಕೈ ಮಾಡಿದ. ಗಿರಿಯಪ್ಪ ಹೆಬ್ಬೆಟ್ಟು ಒತ್ತಿ ಹೊರಗೆ ಹೋದ.

ವರದಿ ಅಚ್ಚಾಗಿ ಬಂದದ್ದು ಸೆಪ್ಟೆಂಬರಿನಲ್ಲಿ. ದೈವದ ಕೋಪದಿಂದ ಎದ್ದ ಗಾಳಿ, ಅದರ ಮೇಲೆ ಕೆಳಗಿನ ಡೆಕ್ಕಿನ ಪ್ರಯಾಣಿಕರ ಅವಿವೇಕದ ಓಡಾಟ. ಹಡಗಿನ ಮಾಲಕರ ತಪ್ಪು ಕಾಣಲಿಲ್ಲ. ಗೇಟಿಗೆ ಕೀಲಿ ಹಾಕಿತ್ತೆಂದು ಹುಬ್ಬಳ್ಳಿಯ ಕಡೆಯ ಒಬ್ಬ ಕೂಲಿಯವನು ಹೇಳಿದ್ದಾನೆ, ಹೆಂಡತಿಯನ್ನು ಕಳಕೊಂಡ ದುಃಖದಲ್ಲಿ ಅವನ ನೆನಪು ನಂಬುವಂಥದ್ದಲ್ಲ. ಇಷ್ಟೇ.

ರವಿವಾರ ಗಬ್ಬೂರಿಗೆ ಹೋಗಿ ಅದನ್ನು ಓದಿ ಹೇಳಿದೆ. ಸತ್ಯವ್ವನ ತಾಯಿ ಮುದಕವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಮಗಳು ಹೋದಾಗಿನಿಂದ ಅಳಿಯನ ಮನೆಯಲ್ಲೇ ಇದ್ದಳು. ಮೊರ ಕೆಳಗಿಟ್ಟಳು.

“ನನ್ನ ಮಗಳು ತನ್ನ ತಪ್ಪಿಲೆ ಸತ್ಲು ಅಂತ ಬರದಾರೇನಪಾ?”

“ಆಕಿ ಒಬ್ಬಾಕಿ ಅಂತ ಅಲ್ಲಬೇ, ಎಲ್ಲಾರೂ...”

“ಹಂಗಾದ್ರ ಆರು ನೂರು ಮಂದಿಗೂ ಬುದ್ಧಿ ಇರಲಿಲ್ಲ. ಕೀಲಿ ಹಾಕಿದಾಂವಗ ಒಬ್ಬಗ ಇತ್ತು.” ಆ ಕಾಗದವನ್ನು ಮುಟ್ಟಲೂ ಇಲ್ಲ. “ಇದನ್ನ ಮನ್ಯಾಗ ಇಡಬ್ಯಾಡ, ತಗೊಂಡು ಹೋಗು.”

ಅಕ್ಟೋಬರಿನಲ್ಲಿ ಬೋಟುಗಳು ಮತ್ತೆ ಶುರುವಾದವು. ಹುಬ್ಬಳ್ಳಿಯ ಮೋಟಾರ ಸ್ಟ್ಯಾಂಡಿನ ಹತ್ತಿರ ಮಹಾಂತಯ್ಯ ಎಂಬವನು ಕಂಪನಿಯ ಟಿಕೀಟು ಮಾರುತ್ತಿದ್ದ. ಗಿರಿಯಪ್ಪ ದಿನಾ ಮುಂಜಾನೆ ಜಿನ್ನಿಗೆ ಹೋಗುವ ಮೊದಲು ಅವನ ಅಂಗಡಿಯ ಎದುರು ನಿಲ್ಲತೊಡಗಿದ. ಟಿಕೀಟು ತಗೊಂಡವರನ್ನು ತಡೆದು ಹೇಳುತ್ತಿದ್ದ: “ಬೋಟು ಹತ್ತಿದ ಮ್ಯಾಲೆ ಮೊದಲ ಕೆಳಗಿನ ಗೇಟು ನೋಡ್ರಿ. ಕೀಲಿ ತೂಗಾಡಾಕತ್ತಿದ್ರ ಕೆಳಗ ಇಳೀಬ್ಯಾಡ್ರಿ. ಹೆಂಗಸರನ್ನ ಅಂತೂ ಇಳಸಬ್ಯಾಡ್ರಿ.” ಕೆಲವರು ನಕ್ಕು ಹೋದರು. ಕೆಲವರು ನಿಂತು ಕೇಳಿ, ಟಿಕೀಟು ತಿರುಗಿ ಕೊಟ್ಟರು.

ಮಹಾಂತಯ್ಯ ಹೊರಗೆ ಬಂದು ಕೈ ಮುಗಿದ. “ನನ್ನ ಹೊಟ್ಟಿ ಮ್ಯಾಲೆ ಯಾಕ ಹೊಡೀತಿಯೋ? ಬೋಟು ಏನ್ ನಾ ಮುಳಗಿಸೇನಿ?”

“ನೀವು ಮುಳಗಿಸಿಲ್ರಿ. ನೀವು ತುಂಬಿಸೀರಿ.”

ಎರಡು ಸಲ ಪೊಲೀಸರು ಹಿಡಿದುಕೊಂಡು ಹೋದರು. ಎರಡನೆಯ ಸಲ ಬೆನ್ನ ಮೇಲೆ ಬಾಸುಂಡೆ ಬರುವಂತೆ ಹೊಡೆದರು. ನಾನು ರಜೆ ಹಾಕಿ ಹೋಗಿ, ಜಾಮೀನಿಗೆ ಸಹಿ ಮಾಡಿ ಬಿಡಿಸಿಕೊಂಡು ಬಂದೆ. ಮೂರನೆಯ ದಿನ ಅವನು ಮತ್ತೆ ಅಲ್ಲೇ ನಿಂತಿದ್ದ.

ಜನವರಿಯ ಒಂದು ಮುಂಜಾನೆ ನಾನೂ ಅವನ ಜೊತೆಗಿದ್ದೆ. ಮುಂಬಯಿಯಿಂದ ಅರಿವೆ ತಂದು ಮಾರುವ ಗೌಸಮೊದ್ದೀನ ಎಂಬ ವ್ಯಾಪಾರಿ ಕಾರವಾರದ ಮೋಟಾರಿನಿಂದ ಇಳಿದ. ಗಿರಿಯಪ್ಪನ ಮಾತನ್ನು ಹೋಗುವಾಗ ಕೇಳಿಸಿಕೊಂಡವನೇ ಅವನು.

“ಗಿರಿಯಪ್ಪಾ, ಇನ್ನ ಸಾಕ್ ಮಾಡು. ಗೇಟ ತಗದಾರ. ಹೋಗುಮುಂದ ಒಂದು ಬೋಟು, ಬರುಮುಂದ ಒಂದು, ಎರಡರಾಗೂ ನೋಡೇನಿ. ಸರಳು ಕೊಯ್ದು, ಬುಡಾ ಅರದಲೆ ತಿಕ್ಕಿ, ಬಣ್ಣಾ ಹಚ್ಚ್ಯಾರ. ಗೇಟು ಇತ್ತು ಅಂದ್ರೂ ಯಾರೂ ನಂಬಬಾರದು, ಹಂಗ.”

ನನಗೆ ಎದೆ ಹಗುರಾಯಿತು. “ಗೆದ್ದಿ ಗಿರಿಯಪ್ಪಣ್ಣಾ!” ಎಂದು ಅವನ ಭುಜ ಹಿಡಿದೆ.

ಅವನು ನನ್ನ ಕೈ ಕೊಡವಿದ. ಪೊಲೀಸರು ಹೊಡೆದಾಗಲೂ ಅವನ ಮುಖ ಹಾಗೆ ಆಗಿರಲಿಲ್ಲ.

“ಏನ್ ಗೆದ್ನಿ? ಈಂವ ನಂಬೂ ಮನಷ್ಯಾ ಅಲ್ಲ ಅಂತ ಅಚ್ಚ ಹಾಕಿಸಿದ್ರು. ಹಾಕಿಸಿ ಆದ ಮ್ಯಾಲೆ ನಾ ಹೇಳಿಧಂಗ ಗೇಟು ಕೊಯ್ದ್ರು. ಅಂದ್ರ ನಂಬಿದ್ರು! ನನ್ನ ಎದರ ಕುಂತು ಗಡಿಯಾರಾ ನೋಡುಮುಂದನೂ ನಂಬಿದ್ರು. ಗೊತ್ತಿಲ್ಲದ ಮಾಡಿದಾಂವಗ ಒಂದು ಮಾಫಿ ಐತಿ. ಇವರಿಗಿ ಎಲ್ಲಾ ಗೊತ್ತಿತ್ತು, ಗೋವಿಂದಪ್ಪಾರ!”

ಮೋಟಾರಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಮಹಾಂತಯ್ಯ ಟಿಕೀಟಿನ ಕಿಡಕಿ ಎಳೆದುಕೊಂಡ.

ಅವತ್ತು ಕಚೇರಿಗೆ ಹೋಗಲಿಲ್ಲ. ಜಿನ್ನಿನ ಕಂಪೌಂಡಿನಲ್ಲಿ ಹತ್ತಿಯ ಚೀಲದ ಮೇಲೆ ಕೂತು ಎಲ್ಲವನ್ನೂ ಕನ್ನಡದಲ್ಲಿ ಬರೆದೆ. ವರಾಂಡದಲ್ಲಿ ವಕೀಲ ಆಡಿದ ಮಾತು, ನಾನು ಬದಲಿಸಿದ ಶಬ್ದ, ಸತ್ಯವ್ವ ಸುತ್ತಿಗೆ ತರಲು ತಿರುಗಿ ಹೋದದ್ದು, ಈಗ ತಿಕ್ಕಿ ಬಣ್ಣ ಹಚ್ಚಿದ ಕಬ್ಬಿಣ. ಕೆಳಗೆ ನನ್ನ ಹೆಸರನ್ನೂ ಹುದ್ದೆಯನ್ನೂ ಹಾಕಿದೆ. ಹುಬ್ಬಳ್ಳಿಯ ಒಂದು ವಾರಪತ್ರಿಕೆ ಎರಡನೆಯ ಪುಟದಲ್ಲಿ ಅದನ್ನು ಹಾಕಿತು. ಹದಿನೈದು ದಿನದಲ್ಲಿ ನನ್ನನ್ನು ದುಭಾಷಿ ಕೆಲಸದಿಂದ ತೆಗೆದು ವಿಜಾಪುರದ ದಫ್ತರ ಖೋಲಿಗೆ, ಹಳೆಯ ಕಾಗದ ಕಾಯುವ ಕೆಲಸಕ್ಕೆ, ಕಳಿಸಿದರು. ಚೌಕಶಿ ಮತ್ತೆ ತೆರೆಯಲಿಲ್ಲ.

ಗಿರಿಯಪ್ಪ ಆ ಪುಟವನ್ನು ಜಿನ್ನಿನ ಒಬ್ಬ ಗುಮಾಸ್ತನಿಂದ ಓದಿಸಿ ಓದಿಸಿ ಬಾಯಿಪಾಠ ಮಾಡಿಕೊಂಡ. ಹಂಗಾಮು ಮುಗಿಯುವವರೆಗೆ, ಕಾರವಾರದ ಮೋಟಾರು ಹೊರಡುವ ಹೊತ್ತಿಗೆ, ಅದನ್ನೇ ನಿಂತು ಹೇಳುತ್ತಿದ್ದ.