ಜೀರಿಗೆಯ ಮರಿಗಳು

ಗೂಡಿನ ತಳಕ್ಕೆ ಹಾಸಿದ್ದ ಪತ್ರಿಕೆಯ ಮೇಲೆ ಬಿದ್ದಿದ್ದನ್ನು ಯತಿನ್ ಮೊದಲು ಚಿಕ್ಕುವಿನ ಸಿಪ್ಪೆಯೆಂದೇ ತಿಳಿದ. ಚಾದ ಲೋಟವನ್ನು ಕಿಟಕಿಯ ದಂಡೆಯ ಮೇಲಿಟ್ಟು, ಎತ್ತಿ ಬಿಸಾಡೋಣವೆಂದು ಕೈಚಾಚಿದಾಗ ಅದಕ್ಕೆ ಕಾಲುಗಳಿರುವುದು ಕಂಡಿತು. ಹೆಬ್ಬೆರಳಿಗಿಂತ ಚಿಕ್ಕ ಮರಿ. ಕಣ್ಣು ಇನ್ನೂ ತೆರೆದಿರಲಿಲ್ಲ. ಮೈ ತಣ್ಣಗಾಗಿತ್ತು. ಇನ್ನೊಂದು ನೀರಿನ ಬಟ್ಟಲಿನ ಹಿಂದೆ ಬಿದ್ದಿತ್ತು. ಅದರ ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು.

ಅವನು ಅದನ್ನು ಅಂಗೈಯಲ್ಲಿ ಮುಚ್ಚಿ ಬಾಯಿಯ ಬಿಸಿ ಊದಿದ. ಬಾಟಲಿಗೆ ಬಿಸಿನೀರು ತುಂಬಿ, ಹಳೆಯ ಬನಿಯನ್ ಸುತ್ತಿ, ಅದರ ಮೇಲೆ ಮಲಗಿಸಿದ. ಸ್ವಲ್ಪ ಅಲುಗಾಡತೊಡಗಿದ ಮೇಲೆ, ಗೂಡಿನೊಳಗೆ ತೂಗುಹಾಕಿದ್ದ ಬಟ್ಟೆಯ ಚೀಲದ ಬಾಯಿಗೆ ಹಿಡಿದ. ಒಳಗಿನಿಂದ ತಾಯಿ ಪ್ರಾಣಿ ಜೀರಿಗೆ ತಲೆ ಹೊರಹಾಕಿ ಮೂಸಿ ನೋಡಿತು. ಮೂಗಿನಿಂದ ಮರಿಯನ್ನು ಒಮ್ಮೆ ಆಚೆ ತಳ್ಳಿತು, ಮತ್ತೆ ಒಳಗೆ ಹೋಗಿ ಬೆನ್ನು ತಿರುಗಿಸಿಕೊಂಡಿತು.

"ನಿನ್ನದೇ ಅಲ್ವಾ ಇದು? ನಾಚಿಕೆ ಆಗುದಿಲ್ವಾ ನಿನಗೆ?" ಎಂದು ಯತಿನ್ ಗೂಡಿನ ಸರಳಿಗೆ ಅಂಗೈಯಿಂದ ಹೊಡೆದ. ಚೀಲದೊಳಗಿನಿಂದ ಗಂಡು ಹೆಣ್ಣು ಎರಡೂ ಹಾಳಾದ ಮಿಕ್ಸಿಯಂತೆ ಕಿರುಗುಟ್ಟಿದವು. ಹೆದರಿದಾಗ ಅವು ಹಾಗೆ ಕೂಗುತ್ತವೆಂದು ಹೆಂಡತಿ ಸುಪ್ರಿತಾ ಹೇಳಿದ್ದು ಅವನಿಗೆ ನೆನಪಿತ್ತು. ಆದರೂ ಇನ್ನೊಮ್ಮೆ ಹೊಡೆದ.

ಅಂಗಡಿಗೆ ಹೊರಡುವ ಹೊತ್ತಿಗೆ ಎರಡನೆಯದೂ ಸತ್ತಿತ್ತು. ಬಾಡಿಗೆ ಮನೆಯ ಹಿಂದೆ ಬೇವಿನಸೊಪ್ಪಿನ ಗಿಡದ ಬುಡದಲ್ಲಿ ಎರಡನ್ನೂ ಒಟ್ಟಿಗೆ ಹುಗಿದು, ಕೈತೊಳೆದುಕೊಂಡು ಹೋದ.

ಜೀರಿಗೆ ಮತ್ತು ಸಾಸಿವೆ ಸುಪ್ರಿತಾಳ ಪ್ರಾಣಿಗಳು. ಮೈಗೆ ಅಂಟಿಕೊಂಡಂತೆ ತೆಳ್ಳಗಿನ ಚರ್ಮದ ರೆಕ್ಕೆಯಿರುವ, ಕಪಾಟಿನಿಂದ ಹೆಗಲಿಗೆ ತೇಲಿ ಬರುವ, ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿ ಬೆಳೆಸುವ ಆಸ್ಟ್ರೇಲಿಯಾ ಮೂಲದ ಶುಗರ್ ಗ್ಲೈಡರುಗಳು. ಮದುವೆಗೆ ಮುಂಚೆಯೇ ಗೆಳತಿಯೊಬ್ಬಳಿಂದ ಪಡೆದು ಸಾಕಿದ್ದಳು. ಮದುವೆಯಾಗಿ ಸುಳ್ಯಕ್ಕೆ ಬರುವಾಗ ಗೂಡಿನ ಸಮೇತ ಬಂದಿದ್ದಳು. ಕಳೆದ ವರ್ಷ ಜೀರಿಗೆ ಮೊದಲ ಮರಿಯನ್ನು ಹೀಗೆಯೇ ಹೊರಹಾಕಿದಾಗ ಅವಳು ಊಟ ಬಿಟ್ಟು ಕೂತಿದ್ದಳು. ಈ ಸಲ ಬಾಣಂತನಕ್ಕೆಂದು ಇಚಿಲಂಪಾಡಿಯ ತಾಯಿಮನೆಗೆ ಹೋದ ಮೇಲೆ, ಜೀರಿಗೆಯ ಹೊಟ್ಟೆಯ ಚೀಲ ಮತ್ತೆ ಉಬ್ಬಿದೆಯೆಂದು ಯತಿನ್ ತಿಳಿಸಿದಾಗ, "ನಮ್ಮದೂ ಅವಳದ್ದೂ ಒಟ್ಟಿಗೇ ಆಗ್ತದೆ ನೋಡು" ಎಂದು ನಕ್ಕಿದ್ದಳು. ಪುತ್ತೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು. ಅಂದಿನಿಂದ ಅವಳ ಮಾತು ಕಡಿಮೆಯಾಗಿತ್ತು. ಅವಳಿಗೆ ಖುಷಿಯಾಗಲೆಂದು ಯತಿನ್ ದಿನಾ ಮೊಬೈಲಿನ ಟಾರ್ಚ್ ಹಾಕಿ, ಜೀರಿಗೆಯನ್ನು ಹಿಡಿದು, ಹೊಟ್ಟೆಯ ಚೀಲದೊಳಗಿನ ಮರಿಗಳ ವಿಡಿಯೊ ಮಾಡಿ ಕಳುಹಿಸುತ್ತಿದ್ದ.

ಆ ಸಂಜೆ ಫೋನಿನಲ್ಲಿ ಅವಳು, "ಜೀರಿಗೆ ಹೇಗುಂಟು?" ಎಂದು ಕೇಳಿದಳು.

"ಹುಷಾರುಂಟು."

"ಮರಿ?"

"ಉಂಟು. ಚೀಲದಲ್ಲೇ ಉಂಟು."

ಅವಳು ವಿಡಿಯೊ ಕೇಳಲಿಲ್ಲ. ಯತಿನ್‌ಗೆ ಅದರಿಂದ ಸಮಾಧಾನವೇ ಆಯಿತು.

ವಿಷಯವನ್ನು ಅವನು ಹೇಳಿದ್ದು ಅತ್ತೆ ಜಲಜಾಕ್ಷಿಗೆ. ಅವರು, "ಸುಪ್ರಿತನಿಗೆ ಹೇಳುದು ಬೇಡ. ಈಗಂತೂ ಬೇಡವೇ ಬೇಡ" ಎಂದರು. ಆಮೇಲೆ ದನಿ ತಗ್ಗಿಸಿ, "ಕಾಡಿನ ಪ್ರಾಣಿ ಅಲ್ವಾ ಅದು? ಕೊಲ್ಲಮೊಗ್ರಿನ ಕಾಡಿನ ಕಡೆ ಹೋಗುವಾಗ ಎಲ್ಲಿಯಾದ್ರೂ ಬಿಟ್ಟು ಬನ್ನಿ. ಹೆತ್ತದ್ದನ್ನು ಬಿಸಾಡುವ ಜಂತು, ಎಳೆ ಮಗು ಬರುವ ಮನೆಯಲ್ಲಿ ಬೇಡ" ಎಂದರು.

ಇಲ್ಲಿನ ಕಾಡು ಅವುಗಳದ್ದಲ್ಲ, ಬಿಟ್ಟರೆ ಬೆಳಗಾಗುವುದರೊಳಗೆ ಸಾಯುತ್ತವೆ ಎಂದು ವಿವರಿಸುವ ಗೋಜಿಗೆ ಯತಿನ್ ಹೋಗಲಿಲ್ಲ. ಆದರೆ ಸುಪ್ರಿತಾ ಮಗುವಿನೊಂದಿಗೆ ಬರುವ ಮುಂಚೆ ಗೂಡು ಮನೆಯಿಂದ ಹೋಗಬೇಕೆಂಬುದು ಅವನ ಮನಸ್ಸಿನಲ್ಲೂ ಇತ್ತು. ಹೋಗಿಬಿಟ್ಟರೆ ಮರಿಗಳ ಕಥೆಯೂ ಅದರೊಂದಿಗೇ ಹೋಗುತ್ತದೆ.

ಅವನ ಬ್ಯಾಟರಿ ಅಂಗಡಿಯ ಪಕ್ಕದಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಶಾಫಿ, ಮರಿ ಮಾಡಿಸಿ ಮಾರಲು ಗ್ಲೈಡರುಗಳ ಜೋಡಿ ಹುಡುಕುತ್ತಿದ್ದ ಒಬ್ಬನ ನಂಬರು ಕೊಟ್ಟ. ಯತಿನ್ ಅವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆ ಮನುಷ್ಯ ನಕ್ಕ. "ಅದಕ್ಕೆಲ್ಲ ಎಂತ ಮಾರಾಯ್ರೆ! ನಾಲ್ಕು ಸಲ ಮರಿ ಹಾಕಿದ್ರೆ ಒಂದು ಸಲ ಸರಿ ಆಗ್ತದೆ. ಆಗದಿದ್ರೆ ಬೇರೆ ಹೆಣ್ಣು ತಂದ್ರಾಯ್ತು."

"ಮತ್ತೆ ಈ ಹೆಣ್ಣನ್ನು ಎಂತ ಮಾಡುದು?"

"ಅದನ್ನು ನಾನು ನೋಡ್ಕೊಳ್ತೇನೆ ಬಿಡಿ."

ಯತಿನ್ ಪುನಃ ಫೋನ್ ಮಾಡುತ್ತೇನೆಂದು ಹೇಳಿ ಇಟ್ಟ. ಮಾಡಲಿಲ್ಲ.

ಪುತ್ತೂರಿನಲ್ಲಿ ನಾಯಿ ಬೆಕ್ಕುಗಳಿಗೆ ಮದ್ದು ಕೊಡುವ ಡಾಕ್ಟರೊಬ್ಬರು ಜೀರಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ರೋಗವೇನೂ ಕಾಣುವುದಿಲ್ಲ, ಇನ್ನು ಮರಿ ಮಾಡಿಸಬೇಡಿ, ಗಂಡಿಗೆ ಆಪರೇಶನ್ ಮಾಡಿಸಿದರೆ ಎರಡೂ ಒಟ್ಟಿಗೇ ಇರಬಹುದು ಎಂದರು. ಬೇರೆ ಮಾಡಿದರೆ ಕೊರಗುತ್ತವೆಂದೂ ಹೇಳಿದರು. ಸಾಕಲು ಆಗುವುದಿಲ್ಲವೆಂದಾಗ ಅವರೇ ನಶೀದಾ ಎಂಬ ಉಪನ್ಯಾಸಕಿಯ ನಂಬರು ಕೊಟ್ಟರು. ಯಾರಿಗೂ ಬೇಡವಾದ ಗ್ಲೈಡರುಗಳನ್ನು ಆಕೆ ಮನೆಯ ಒಂದು ಕೋಣೆಯಲ್ಲಿ ಇಟ್ಟುಕೊಂಡಿದ್ದರು.

ನಶೀದಾ ಫೋನಿನಲ್ಲಿ ಒಂದೊಂದಾಗಿ ಕೇಳಿದರು. ಎಂತ ತಿನ್ನಲಿಕ್ಕೆ ಕೊಡ್ತೀರಿ, ಗೂಡು ಎಲ್ಲಿ ಉಂಟು, ಹತ್ತಿರ ಟೀವಿ ಉಂಟಾ. "ಚೀಲದಲ್ಲಿ ಮರಿ ಇರುವಾಗ ಹಿಡಿದು ನೋಡ್ತಾ ಇದ್ರಾ? ಬೆಳಕು ಹಾಕಿ?"

"ಹೌದು. ದಿನಾ."

"ಅವುಗಳಿಗೆ ಹೆದರಿಕೆ ಆದ್ರೆ ಹೊರಗೆ ಹಾಕ್ತವೆ. ಅದೇ ಕಾರಣ ಅಂತ ನಾನು ಹೇಳುದಿಲ್ಲ. ಎಷ್ಟೋ ಸಲ ನಮಗೆ ಗೊತ್ತೇ ಆಗುದಿಲ್ಲ." ಮತ್ತೆ ಕೇಳಿದರು: "ಪ್ರಾಣಿ ನಿಮ್ಮದಾ?"

"ಹೆಂಡತಿಯದ್ದು. ಬಾಣಂತನಕ್ಕೆ ಹೋಗಿದ್ದಾಳೆ."

"ಅವರಿಗೆ ಗೊತ್ತುಂಟಾ, ನೀವು ಕೊಡುದು?"

"ಇಲ್ಲ."

"ಹಾಗಾದ್ರೆ ಬೇಡ," ಎಂದರು ನಶೀದಾ. "ನಾಳೆ ಅವರು ಬಂದು ನನ್ನ ಜೀರಿಗೆ ಎಲ್ಲಿ ಅಂತ ಅತ್ರೆ ನೀವು ಪುನಃ ತೆಗೊಂಡು ಹೋಗ್ತೀರಿ. ಆಚೆ ಈಚೆ ಮಾಡಿದ್ರೆ ಅವು ಬದುಕುದಿಲ್ಲ. ಅವರತ್ರ ಕೇಳಿ. ಅವರು ಆಗ್ಬಹುದು ಅಂದ್ರೆ ನಾನು ಇಟ್ಕೊಳ್ತೇನೆ."

ಭಾನುವಾರ ಯತಿನ್ ಇಚಿಲಂಪಾಡಿಗೆ ಹೋದ. ಜಗಲಿಯಲ್ಲಿ ಅತ್ತೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಟಲಿಯಿಂದ ಹಾಲು ಕುಡಿಸುತ್ತಿದ್ದರು. ಅವನನ್ನು ಕಂಡದ್ದೇ ಬಾಟಲಿಯನ್ನು ಸೆರಗಿನ ಮರೆಗೆ ಸರಿಸಿದರು. ಮಗು ಅತ್ತಿತು. ವಿಧಿಯಿಲ್ಲದೆ ಮತ್ತೆ ಹೊರತೆಗೆದು, "ಅವಳಿಗೆ ಹಾಲು ಸಾಕಾಗುದಿಲ್ಲ" ಎಂದರು. ಮಗುವನ್ನು ಮೀಯಿಸಲು ಬರುವ ಸೀತು ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದವಳು ಜಲಜಾಕ್ಷಿಯ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

ಸುಪ್ರಿತಾ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ತಲೆಗೆ ಬಟ್ಟೆ ಕಟ್ಟಿತ್ತು. ಯತಿನ್ ಮಂಚದ ತುದಿಯಲ್ಲಿ ಕೂತು, ಏನೇನೋ ಮಾತಾಡಿ, ಡಾಕ್ಟರೂ ನಶೀದಾರೂ ಹೇಳಿದ್ದನ್ನು, ಮರಿಗಳು ಸತ್ತದ್ದನ್ನು ಕೊನೆಗೆ ಹೇಳಿಯೇಬಿಟ್ಟ. ಅವಳು ತಿರುಗಲಿಲ್ಲ.

"ಎರಡೂ?"

"ಎರಡೂ. ನಾನು ಸುಳ್ಳು ಹೇಳಿದೆ ನಿನಗೆ."

"ಜೀರಿಗೆಗೆ ಬೈದಿಯಾ?"

ಇಲ್ಲವೆನ್ನಲು ಅವನು ಬಾಯಿ ತೆರೆದಿದ್ದ. "ಬೈದೆ. ಗೂಡಿಗೆ ಹೊಡೆದೆ ಕೂಡ."

ಸುಪ್ರಿತಾ ಎದ್ದು ಕೂತಳು. ಅವಳ ಕಣ್ಣಿನ ಸುತ್ತ ಕಪ್ಪಾಗಿತ್ತು. ಅದನ್ನು ಅವನು ಕಳೆದ ವಾರವೂ ನೋಡಿದ್ದ; ನಿದ್ದೆಯಿಲ್ಲ, ಬಾಣಂತಿಯಲ್ಲವೇ ಎಂದುಕೊಂಡಿದ್ದ.

"ನನಗೆ ಯಾರೂ ಬೈಲಿಲ್ಲ ಯತಿನ್," ಎಂದಳು. "ಎಲ್ಲರೂ ಒಳ್ಳೆದಾಗಿಯೇ ಮಾತಾಡ್ತಾರೆ. ಮಗುವನ್ನು ತಂದು ಮಡಿಲಲ್ಲಿ ಇಡ್ತಾರೆ, ಮತ್ತೆ ನನ್ನ ಮುಖ ನೋಡ್ತಾ ನಿಲ್ತಾರೆ. ನೋಡ್ಲಿಕ್ಕೆ ಬಂದವರೂ ಹಾಗೆಯೇ. ನನಗೆ ಎಂತದ್ದೂ ಆಗುದಿಲ್ಲ. ಬಸ್ಸಿನಲ್ಲಿ ಯಾರದ್ದೋ ಮಗುವನ್ನು ಸ್ವಲ್ಪ ಹೊತ್ತು ಹಿಡ್ಕೊಂಡ ಹಾಗೆ. ಅವರು ಇಳಿಯುವಾಗ ಕೊಟ್ಟುಬಿಡ್ಬಹುದು ಅಂತ ಕಾಯ್ತಾ ಇರ್ತೇನೆ."

ಹೊರಗೆ ಮಗುವಿನ ಅಳು ನಿಂತಿತ್ತು. ಯತಿನ್ ಅವಳ ಕೈಹಿಡಿಯಲು ಹೋದ. ಅವಳು ಕೈಯನ್ನು ಹಿಂತೆಗೆಯಲಿಲ್ಲ, ಹಿಡಿಯಲೂ ಇಲ್ಲ.

"ಆ ಮೇಡಮ್ಮಿಗೆ ಆಗ್ಬಹುದು ಅಂತ ಹೇಳು," ಎಂದಳು. "ಮೊದಲು ಸಾಸಿವೆಯ ಆಪರೇಶನ್ ಮಾಡಿಸು. ಕೊಡ್ಲಿಕ್ಕೆ ನಾನೇ ಬರ್ತೇನೆ."

ಸಾಸಿವೆಯ ಆಪರೇಶನ್ನಿನ ಗಾಯ ಒಣಗಿದ ಮೇಲೆ ಒಂದು ಸಂಜೆ ಯತಿನ್ ಗೂಡಿಗೆ ಬೆಡ್‌ಶೀಟ್ ಮುಚ್ಚಿ ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಬಂದ. "ಹೆತ್ತು ನಲವತ್ತು ದಿನ ಆಗದೆ ಹೊಸ್ತಿಲು ದಾಟುದಾ?" ಎಂದು ಜಲಜಾಕ್ಷಿ ಬಾಗಿಲಿಗೆ ಅಡ್ಡ ನಿಂತರು. "ಹೆತ್ತ ಮಗುವನ್ನು ಮನೆಯಲ್ಲಿ ಬಿಟ್ಟು ಆ ಜಂತುವಿನ ಹಿಂದೆ ಹೋಗುದಾ? ಜನ ಎಂತ ಹೇಳಿಯಾರು?" ಸುಪ್ರಿತಾ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಹಗ್ಗದ ಮೇಲೆ ಹಾಕಿ, ಅವರ ಪಕ್ಕದಿಂದ ನುಸುಳಿ ಕಾರಿನಲ್ಲಿ ಕೂತಳು. ಯತಿನ್ ಹೇಳಿದ: "ಬೇಗ ಬರ್ತೇವೆ ಅತ್ತೆ."

ನಶೀದಾರ ಮನೆ ಪುತ್ತೂರು ಪೇಟೆಯಿಂದ ಸ್ವಲ್ಪ ಒಳಗಿತ್ತು. ಪ್ರಾಣಿಗಳ ಕೋಣೆಯಲ್ಲಿ ಕೆಂಪು ಬಣ್ಣದ ಮಂದ ಬಲ್ಬು, ಪೇರಳೆಯ ಕೊಂಬೆಗಳು, ಹಣ್ಣಿನ ಹುಳಿವಾಸನೆ. ನಶೀದಾ ಸುಪ್ರಿತಾಳಿಗೆ ಕುರ್ಚಿ ಕೊಟ್ಟು, ಮಗುವಿನ ಬಗ್ಗೆ ಒಂದು ಮಾತನ್ನೂ ಕೇಳದೆ, "ಇವುಗಳ ಅಭ್ಯಾಸ ಹೇಳಿ" ಎಂದರು.

ಸುಪ್ರಿತಾ ಹೇಳತೊಡಗಿದಳು. ಸಾಸಿವೆಗೆ ಬೇಯಿಸಿದ ಮೊಟ್ಟೆ ಇಷ್ಟ, ಜೀರಿಗೆಗೆ ಪಪ್ಪಾಯಿ ಆಗದು. ಮೊದಲು ಕೈಯ ವಾಸನೆ ತೋರಿಸಿ ಆಮೇಲೆ ಮುಟ್ಟಬೇಕು. ಜೋರಾಗಿ ಸೀನಿದರೆ ಹೆದರುತ್ತವೆ. ಇಷ್ಟು ಮಾತನ್ನು ಅವಳ ಬಾಯಿಂದ ಯತಿನ್ ಎಷ್ಟೋ ವಾರಗಳಿಂದ ಕೇಳಿರಲಿಲ್ಲ. ಕೊನೆಗೆ, ತನ್ನ ಹಳೆಯ ಚೂಡಿದಾರ ಕತ್ತರಿಸಿ ಹೊಲಿದಿದ್ದ ಆ ಚೀಲವನ್ನು ಒಳಗಿದ್ದ ಎರಡರ ಸಮೇತ ನಿಧಾನವಾಗಿ ಬಿಚ್ಚಿ, ಹೊಸ ಗೂಡಿನಲ್ಲಿ ತಾನೇ ತೂಗುಹಾಕಿದಳು.

"ಅವಳು ಕೆಟ್ಟವಳಲ್ಲ," ಎಂದಳು.

"ಹಾಗೆ ಯಾರು ಹೇಳಿದ್ದು?" ಎಂದರು ನಶೀದಾ. "ನಿಮಗೆ ಬೇಕಾದಾಗ ಬನ್ನಿ. ಮೊದಲ ಸ್ವಲ್ಪ ದಿನ ಮಾತ್ರ ಬೇಡ, ಹೊಂದಿಕೊಳ್ಳಲಿ."

ಸುಪ್ರಿತಾ ಚೀಲದ ಮುಂದೆ ಬಹಳ ಹೊತ್ತು ನಿಂತಳು. ಜೀರಿಗೆ ಹೊರಗೆ ನೋಡಲಿಲ್ಲ.

ಉಪ್ಪಿನಂಗಡಿ ದಾಟಿದ ಮೇಲೆ, ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುವಲ್ಲಿ ವಾಹನಗಳು ತೆವಳುತ್ತಿದ್ದವು. ಸುಪ್ರಿತಾ ಶಾಲನ್ನು ಎದೆಗೆ ಎಳೆದುಕೊಂಡಳು. ಅಷ್ಟರಲ್ಲಿ ಯತಿನ್ ನೋಡಿಬಿಟ್ಟಿದ್ದ: ಅಂಗಿಯ ಮುಂಭಾಗ ಹಾಲಿನಿಂದ ಒದ್ದೆಯಾಗಿತ್ತು.

"ಸ್ವಲ್ಪ ನಿಲ್ಲಿಸ್ತೀಯಾ?" ಎಂದಳು.

ಅವನು ಮಣ್ಣಿನ ರಾಶಿಯ ಪಕ್ಕ ಕಾರು ನಿಲ್ಲಿಸಿದ. "ವಾಂತಿ ಬರ್ತದಾ?"

"ಇಲ್ಲ. ಮನೆಗೆ ಹೋಗ್ಲಿಕ್ಕೆ ಆಗುದಿಲ್ಲ. ಈಗಲೇ ಆಗುದಿಲ್ಲ."

ಯತಿನ್ ತಲೆಯಾಡಿಸಿದ. ಆಮೇಲೆ, "ನಾಳೆ ನಿನ್ನ ಡಾಕ್ಟರಮ್ಮನ ಹತ್ರ ಹೋಗುವಾ. ನನಗೆ ಹೇಳಿದ ಹಾಗೆಯೇ ಅವರಿಗೂ ಹೇಳು" ಎಂದ.

"ಅಮ್ಮನಿಗೆ ಎಂತ ಹೇಳುದು?"

"ಅದನ್ನು ನಾನು ಹೇಳ್ತೇನೆ."

ಫೋನ್ ಬಡಿದುಕೊಂಡಿತು, ಅತ್ತೆಯದ್ದು. ಫೋನಿನ ಆಚೆ ಮಗು ಅಳುವುದು ಕೇಳುತ್ತಿತ್ತು. ಸುಪ್ರಿತಾ ಕಿಟಕಿಯ ಕಡೆ ಮುಖ ತಿರುಗಿಸಿದಳು. "ತಡ ಆಗ್ತದೆ ಅತ್ತೆ, ಬಾಟಲಿ ಕೊಡಿ," ಎಂದು ಹೇಳಿ ಯತಿನ್ ಫೋನ್ ಇಟ್ಟ.

ಲಾರಿಗಳು ಒಂದರ ಹಿಂದೊಂದು ಹಾದುಹೋದವು. ಪ್ರತಿ ಸಲವೂ ಕೆಂಪು ಧೂಳು ಎದ್ದು ಎದುರಿನ ಗಾಜಿನ ಮೇಲೆ ಕೂರುತ್ತಿತ್ತು. ಒರೆಸೋಣವೆಂದು ವೈಪರಿನ ಕಡ್ಡಿಗೆ ಹೋದ ಕೈಯನ್ನು ಅವನು ಹಿಂದಕ್ಕೆ ತೆಗೆದ. ರಸ್ತೆ ಮಸುಕಾಯಿತು, ಆಚೆಯ ಮರಗಳು ಮಸುಕಾದವು. ಅವರಿಬ್ಬರೂ ಒಳಗೆ ಕೂತಿದ್ದರು.