ಅತ್ತೆ ಸ್ತೋತ್ರ ನಿಲ್ಲಿಸಿದ ದಿನ

ಆಸ್ಪತ್ರೆಯ ಎರಡನೆಯ ಮಹಡಿಯ ಉದ್ದನೆಯ ಪಡಸಾಲೆಯಲ್ಲಿ ಅವನು ಕೂತದ್ದನ್ನು ಕಂಡವರಿರಲಿಲ್ಲ. ಗೋಡೆಯುದ್ದಕ್ಕೂ ಕುರ್ಚಿಗಳಿದ್ದವು. ಬೇರೆ ಮಕ್ಕಳ ಅಪ್ಪಂದಿರು, ಅಜ್ಜಿಯರು ಅವುಗಳ ಮೇಲೆ ತೂಕಡಿಸುತ್ತಲೋ ಫೋನ್ ನೋಡುತ್ತಲೋ ಹೊತ್ತು ಕಳೆಯುತ್ತಿದ್ದರು. ಇವನು ಮಾತ್ರ ಈ ತುದಿಯ ಕಿಟಕಿಯಿಂದ ಆ ತುದಿಯ ಲಿಫ್ಟಿನವರೆಗೆ, ಅಲ್ಲಿಂದ ಮತ್ತೆ ಕಿಟಕಿಯವರೆಗೆ ತಿರುಗುತ್ತಲೇ ಇದ್ದ. ನಡುವೆ ಯಾವುದಾದರೂ ಕುರ್ಚಿ ಅಲುಗಾಡುವುದು ಕಣ್ಣಿಗೆ ಬಿದ್ದರೆ ಕೂತವರನ್ನು ಎಬ್ಬಿಸಿ, ನಾಣ್ಯದ ಅಂಚಿನಿಂದ ಅದರ ಸ್ಕ್ರೂ ಬಿಗಿಮಾಡುತ್ತಿದ್ದ. "ಏನ್ ಸಾರ್, ಆಸ್ಪತ್ರೆ ರಿಪೇರಿ ಗುತ್ತಿಗೆ ನಿಮಗೇ ಸಿಕ್ತಾ?" ಎಂದು ವಾಚ್‌ಮನ್ ತಮಾಷೆ ಮಾಡಿದರೆ ನಗುವುದಕ್ಕೂ ಅವನಿಗೆ ಪುರಸೊತ್ತಿರಲಿಲ್ಲ.

ಅವನು ವೆಲ್ಡರ್. ಗೇಟು, ಕಿಟಕಿಯ ಸರಳು, ಮೆಟ್ಟಿಲಿನ ಕಂಬಿ ಮಾಡುವ ವರ್ಕ್‌ಶಾಪಿನಲ್ಲಿ ಕೆಲಸ. ಒಂದು ಕಡೆ ನಿಲ್ಲದ ಅವನ ಕಾಲು ನೋಡಿ ಅಲ್ಲಿನವರು ಬುಗುರಿ ಎಂದು ಹೆಸರಿಟ್ಟಿದ್ದರು. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿಲ್ಲದೆ, ಇನ್ನು ಆಸೆ ಬಿಟ್ಟೇಬಿಡೋಣ ಎನ್ನುವ ಹೊತ್ತಿಗೆ ಹೆಂಡತಿಯ ಹೊಟ್ಟೆಯಲ್ಲಿ ಅವಳಿ ಮಕ್ಕಳಿವೆ ಎಂದು ಗೊತ್ತಾಗಿತ್ತು. ಆ ಭಾನುವಾರ ಚರ್ಚಿನಲ್ಲಿ ದೇವರ ಉಪಕಾರಕ್ಕೆ ಸಾಕ್ಷಿ ಹೇಳಲು ಎದ್ದು ನಿಂತವನಿಗೆ ಮಾತೇ ತೋಚದೆ, "ಎರಡು! ಎರಡಂತೆ!" ಎಂದಷ್ಟೇ ಹೇಳಿ ಕೂತುಬಿಟ್ಟಿದ್ದ. ಸಭೆಗೆ ಸಭೆಯೇ ನಕ್ಕಿತ್ತು.

ಎರಡೂ ಕೂಸುಗಳು ದಿನ ತುಂಬುವ ಮೊದಲೇ ಹುಟ್ಟಿದವು. ಮೊದಲು ಹೆಣ್ಣು, ಅದರ ಬೆನ್ನಿಗೇ ಗಂಡು. ಹೆಣ್ಣುಮಗು ಆ ಬೆಳಗನ್ನು ದಾಟಲಿಲ್ಲ. ಗಂಡುಮಗುವನ್ನು ಪಡಸಾಲೆಯ ನಡುವಿನ ನೀಲಿ ಬಾಗಿಲಿನಾಚೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆಪರೇಷನ್ ಆದ ಹೆಂಡತಿ, ಹೊಲಿಗೆ ಕೀವಾಗಿ ಜ್ವರ ಬಂದು, ಮೇಲಿನ ಮಹಡಿಯ ವಾರ್ಡಿನಲ್ಲಿ ಮಲಗಿದ್ದಳು. ಮಣ್ಣು ಮಾಡುವ ಕೆಲಸವನ್ನು ಅವನೂ ಪಾದ್ರಿಗಳೂ ಇಬ್ಬರೇ ಮುಗಿಸಿ ಬಂದರು. ಪಾದ್ರಿಗಳು ಕಾರು ಓಡಿಸಿದರು. ಮಗಳ ಪೆಟ್ಟಿಗೆ ಅವನ ತೊಡೆಯ ಮೇಲಿತ್ತು. ದಿನವೂ ಕಬ್ಬಿಣ ಹೊರುವ ಆ ತೋಳುಗಳಿಗೆ ಅದು ಭಾರವೇ ಅಲ್ಲ. ಭಾರವಿಲ್ಲದ್ದೇ ಅವನಿಗೆ ತಡೆಯಲಾರದ್ದಾಗಿತ್ತು. ಅಂದಿನಿಂದ ಪೆಟ್ಟಿಗೆ ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲಿಂದ ಸರಿದುಹೋಗುತ್ತಿದ್ದ. ನೀಲಿ ಬಾಗಿಲನ್ನು ಅವನು ಮತ್ತೆ ದಾಟಲಿಲ್ಲ. "ಅಪ್ಪ ಬರಬಹುದು, ನೋಡಬಹುದು" ಎಂದು ಸಿಸ್ಟರ್ ಎಷ್ಟು ಸಲ ಕರೆದರೂ "ಆಮೇಲೆ ಬರ್ತೀನಿ" ಎಂದು ಕಿಟಕಿಯ ಕಡೆ ಹೊರಟುಬಿಡುತ್ತಿದ್ದ.

ಒಳಗೆ ಹೋಗುತ್ತಿದ್ದವರು ಅತ್ತೆ. ಬಹುಕಾಲ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ಬದುಕಿದ ಸಣಕಲು ಹೆಂಗಸು. ದನಿ ಮಾತ್ರ ಮೂರು ಮನೆಗೆ ಕೇಳಿಸುವಂಥದ್ದು. ಮಗಳು ಹಿಂಡಿಕೊಟ್ಟ ಹಾಲನ್ನು ಪುಟ್ಟ ಬಟ್ಟಲಲ್ಲಿ ಮುಚ್ಚಿಕೊಂಡು, ತೊಟ್ಟೂ ತುಳುಕದಂತೆ ಮೆಟ್ಟಿಲಿಳಿದು ಬಂದು, ನೀಲಿ ಬಾಗಿಲೊಳಗೆ ಹೋಗಿ ಸಿಸ್ಟರ್ ಕೈಗೆ ಕೊಟ್ಟು, ಮಗುವನ್ನು ಕಣ್ತುಂಬ ನೋಡಿ ಹೊರಗೆ ಬರುತ್ತಿದ್ದರು. ಬಂದವರೇ ಪಡಸಾಲೆಯ ನಡುವೆ ನಿಂತು, ಎದುರಿಗೆ ಯಾರೋ ನಿಂತಿದ್ದಾರೆ ಎಂಬಂತೆ ದೇವರಿಗೆ ಕೃತಜ್ಞತೆ ಹೇಳುತ್ತಿದ್ದರು.

"ಸ್ತೋತ್ರ ಸ್ವಾಮಿ, ಮಗು ಉಚ್ಚೆ ಹೊಯ್ತು."

"ಸ್ತೋತ್ರ ಸ್ವಾಮಿ, ಕುಡಿದ ಹಾಲು ಕಕ್ಕಲಿಲ್ಲ."

"ಸ್ತೋತ್ರ ಸ್ವಾಮಿ, ಇವತ್ತು ಆಕಳಿಸ್ದ. ಅವರಪ್ಪನ ಥರಾನೇ, ಬಾಯಿ ಇಷ್ಟಗಲ."

ಕುರ್ಚಿಗಳ ಮೇಲಿನ ಅಜ್ಜಿಯರಿಗೆ ಇದು ರೂಢಿಯಾಗಿ, ಅತ್ತೆ ಹೊರಗೆ ಕಾಲಿಟ್ಟರೆ ಸಾಕು, "ಏನಮ್ಮಾ, ಇವತ್ತೇನು ಸ್ತೋತ್ರ?" ಎಂದು ಕೇಳುತ್ತಿದ್ದರು. ಅವನಿಗೆ ಮಾತ್ರ ಒಂದೊಂದು ಸ್ತೋತ್ರವೂ ಮೈಮೇಲೆ ಕಿಡಿ ಹಾರಿದಂತಾಗುತ್ತಿತ್ತು. ಕಿಟಕಿಯ ಕಡೆ ಮುಖ ಮಾಡಿ ಹಲ್ಲು ಕಚ್ಚಿಕೊಳ್ಳುತ್ತಿದ್ದ.

ಪಾದ್ರಿಗಳೂ ಬಂದು ಹೋಗುತ್ತಿದ್ದರು. ದಪ್ಪ ಆಸಾಮಿಯಾದರೂ, ಅವನು ನಿಲ್ಲುವುದಿಲ್ಲವೆಂದು ಗೊತ್ತಿದ್ದರಿಂದ ಅವನ ಜೊತೆಗೇ ಕಿಟಕಿಯಿಂದ ಲಿಫ್ಟಿಗೆ, ಲಿಫ್ಟಿನಿಂದ ಕಿಟಕಿಗೆ ನಡೆಯುತ್ತಿದ್ದರು. ಒಂದು ದಿನ ಅವನೇ ಕೆಣಕಿದ. "ಏನೂ ಬುದ್ಧಿ ಹೇಳಲ್ವಾ ಅಯ್ಯನೋರೇ?"

"ಉಸಿರೇ ಸಾಲ್ತಿಲ್ಲ, ಬುದ್ಧಿ ಎಲ್ಲಿಂದ ತರಲಿ? ಸ್ವಲ್ಪ ನಿಧಾನ ನಡಿ ಮಾರಾಯ." ಪಾದ್ರಿಗಳು ಗೋಡೆಗೆ ಕೈಯೂರಿ ಏದುಸಿರು ಬಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ ಅಂದರು, "ಆ ದಿನದಿಂದ ನಾನೂ ದೇವರ ಹತ್ರ ಜಗಳ ಆಡ್ತಾನೇ ಇದೀನಿ. ನೀನೊಬ್ಬನೇ ಅಂತ ತಿಳ್ಕೋಬೇಡ. ಜಗಳ ಆಡು, ಆದ್ರೆ ಮಾತು ಬಿಡಬೇಡ."

ಅವನು ಮತ್ತೆ ಲಿಫ್ಟಿನ ಕಡೆ ತಿರುಗಿದ.

ಒಂದು ಬೆಳಗ್ಗೆ ಪಡಸಾಲೆಯ ಗೋಡೆಗಳು ಕತ್ತು ಹಿಸುಕಿದಂತಾಗಿ, ಯಾರಿಗೂ ಹೇಳದೆ ವರ್ಕ್‌ಶಾಪಿಗೆ ಹೋದ. ಕೈಗೆ ಕೆಲಸ ಸಿಕ್ಕರೆ ತಲೆ ಸರಿಹೋದೀತು ಎಂಬ ಲೆಕ್ಕಾಚಾರ. ಗೇಟಿನ ತಗಡಿಗೆ ವೆಲ್ಡಿಂಗ್ ರಾಡು ತಾಗಿಸಿದ. ಎಲ್ಲಿ ನಿಲ್ಲಿಸಬೇಕೋ ತಿಳಿಯದೆ ತಗಡು ತೂತಾಯಿತು. ಇನ್ನೊಂದು ಕಡೆ ಹಿಡಿದ, ಅಲ್ಲೂ ತೂತು. ಹಿಂದಿನಿಂದ ಬಂದ ಹಿರಿಯ ವೆಲ್ಡರ್ ಮೆಷಿನ್ ಆರಿಸಿ ಅವನ ಭುಜ ಹಿಡಿದು ತಿರುಗಿಸಿದ.

"ಲೋ ಬುಗುರಿ, ಮುಖಕ್ಕೆ ಗಾಜೂ ಹಿಡ್ಕೊಂಡಿಲ್ವಲ್ಲೋ! ಕಣ್ಣು ಕಳ್ಕೊಳ್ಳೋಕೆ ಬಂದ್ಯಾ? ಕೈ ಇಲ್ಲಿ, ಜೀವ ಅಲ್ಲಿ. ಹೋಗೋ, ಆಸ್ಪತ್ರೆಗೆ ಹೋಗು."

ಉರಿಯುವ ಕಣ್ಣು ಉಜ್ಜಿಕೊಳ್ಳುತ್ತ ಅವನು ಪಡಸಾಲೆಗೆ ಬರುವುದಕ್ಕೂ ನೀಲಿ ಬಾಗಿಲು ತೆರೆದು ಅತ್ತೆ ಹೊರಗೆ ಬರುವುದಕ್ಕೂ ಸರಿಹೋಯಿತು.

"ಸ್ತೋತ್ರ ಸ್ವಾಮಿ, ಇವತ್ತು ಮಗು ಸೀನ್ತು—"

"ಸಾಕು ನಿಲ್ಸಿ ಅತ್ತೆ!" ಅವನ ದನಿಗೆ ಕುರ್ಚಿಗಳ ಮೇಲೆ ತೂಕಡಿಸುತ್ತಿದ್ದವರೆಲ್ಲ ಬೆಚ್ಚಿ ಎದ್ದರು. "ಉಚ್ಚೆ ಹೊಯ್ದ್ರೆ ಸ್ತೋತ್ರ, ಸೀನಿದ್ರೆ ಸ್ತೋತ್ರ! ಮಣ್ಣಲ್ಲಿಟ್ಟು ಬಂದ್ನಲ್ಲ, ಅವಳಿಗೇನು ಹೇಳ್ತೀರಿ? ಒಂದನ್ನ ಕಿತ್ಕೊಂಡೋನಿಗೆ ಇನ್ನೊಂದನ್ನ ಬಿಟ್ಟ ಅಂತ ಕೈಮುಗೀಬೇಕಾ? ಹಾಗೆ ಮುಗಿದ್ರೆ ಅವಳನ್ನ ತಗೊಂಡಿದ್ದು ಸರಿ ಅಂದ ಹಾಗಾಗಲ್ವಾ?"

ಅತ್ತೆಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಖಾಲಿ ಬಟ್ಟಲನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಿ ಹೋದರು.

ಮರುದಿನ ಅವರು ಎಂದಿನಂತೆ ಹಾಲು ತಂದರು, ಒಳಗೆ ಹೋದರು, ಹೊರಗೆ ಬಂದರು. ತುಟಿ ಬಿಚ್ಚಲಿಲ್ಲ. ಅವನ ಪಕ್ಕದಲ್ಲೇ ಹಾದು ಮೇಲೆ ಹೋದರು. ಪಡಸಾಲೆ ತಣ್ಣಗಾಯಿತು. ಮೊದಲು ಅವನಿಗೆ ಹಾಯೆನಿಸಿತು. ಎರಡನೆಯ ಸಲ ಅವರು ಹಾಗೆಯೇ ಹಾದುಹೋದಾಗ ಎದೆ ಡವಗುಟ್ಟತೊಡಗಿತು. ಯಾಕೆ ಸುಮ್ಮನಿದ್ದಾರೆ? ಹಾಲು ದಕ್ಕಲಿಲ್ಲವೇ? ಉಚ್ಚೆ ನಿಂತಿತೇ? ಆಗ ಅವನಿಗೆ ತಿಳಿಯಿತು: ಮಗನ ಸುದ್ದಿ ಎಂದು ಅವನಿಗೆ ಇಷ್ಟು ದಿನ ಸಿಕ್ಕಿದ್ದೆಲ್ಲ ಆ ಸ್ತೋತ್ರಗಳಲ್ಲೇ. ಬೇಡ ಬೇಡವೆನ್ನುತ್ತ, ಕಿವಿ ಮುಚ್ಚಿದಂತೆ ನಟಿಸುತ್ತ, ಒಂದೂ ಬಿಡದೆ ಕೇಳಿಸಿಕೊಂಡು ಅದರಲ್ಲೇ ದಿನ ದೂಡಿದ್ದ.

ಮೂರನೆಯ ಸಲ ಅವರು ಹೊರಗೆ ಬಂದಾಗ ಅಡ್ಡ ನಿಂತ.

"ಅತ್ತೆ, ಹೇಗಿದಾನೆ?"

"ಒಳಗೆ ಹೋಗಿ ನೋಡಿ." ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಬಾಯಲ್ಲಿ ಬರೋದು ಒಂದೇ ಥರ. ಅದು ನಿಮಗೆ ಆಗಲ್ಲ. ಬೇರೆ ಥರ ಹೇಳೋಕೆ ನನಗೆ ಬರಲ್ಲ."

"ತಪ್ಪಾಯ್ತು ಅತ್ತೆ, ನಾನು ಹಾಗೆ..."

"ತಪ್ಪೇನಿಲ್ಲ. ನೀವು ಕೇಳಿದ್ದನ್ನೇ ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ಅವಳಿಗೇನು ಸ್ತೋತ್ರ ಹೇಳ್ತೀರಿ ಅಂದ್ರಲ್ಲ? ನನಗೆ ಗೊತ್ತಿಲ್ಲಪ್ಪ. ನಾನು ಅವಳ ಮುಖಾನೇ ನೋಡಿಲ್ಲ. ಹೆತ್ತವಳೂ ನೋಡಿಲ್ಲ, ಅವಳಿಗೆ ಎಚ್ಚರವೇ ಇರ್ಲಿಲ್ಲ. ನೋಡಿದೋರು ನೀವೊಬ್ಬರೇ."

ಅಷ್ಟು ಹೇಳಿ ಅತ್ತೆ ಮೆಟ್ಟಿಲ ಕಡೆ ಹೊರಟರು. ಅವನು ಕಿಟಕಿಯವರೆಗೆ ಹೋದ. ಹಿಂತಿರುಗಿದ. ನೀಲಿ ಬಾಗಿಲ ಮುಂದೆ ನಿಂತ. ಮತ್ತೆ ಲಿಫ್ಟಿನ ಕಡೆ ನಾಲ್ಕು ಹೆಜ್ಜೆ ಹಾಕಿ, ತಿರುಗಿ ಬಂದು, ಬಾಗಿಲು ತಳ್ಳಿಯೇಬಿಟ್ಟ.

"ಅಂತೂ ಬಂದ್ರಾ? ಹೊರಗಿನ ಕುರ್ಚಿಗಳೆಲ್ಲ ರಿಪೇರಿ ಆದ್ವಾ?" ಸಿಸ್ಟರ್ ನಕ್ಕರು. "ಮೊಣಕೈವರೆಗೂ ಸೋಪು ಹಾಕಿ ತೊಳೀರಿ. ಶರ್ಟು ಬಿಚ್ಚಿ. ಆ ಒರಗು ಕುರ್ಚಿ ಮೇಲೆ ಕೂತ್ಕೊಳ್ಳಿ."

"ಶರ್ಟು ಯಾಕೆ?"

"ಮಗೂನ ಎದೆ ಮೇಲೆ ಮಲಗಿಸ್ತೀನಿ. ನಿಮ್ಮ ಮೈ ಶಾಖ ಅವನಿಗೆ ಬೇಕು. ಆದ್ರೆ ಅಲ್ಲಾಡೋ ಹಾಗಿಲ್ಲ ನೋಡಿ."

"ಸಿಸ್ಟರ್, ನನಗೆ ಸುಮ್ನೆ ಕೂರೋಕೆ ಬರಲ್ಲ."

"ಅದು ಇಡೀ ಆಸ್ಪತ್ರೆಗೇ ಗೊತ್ತು. ಇವತ್ತು ಕಲೀರಿ."

ಅವನು ಕೂತ ಮೇಲೆ ಸಿಸ್ಟರ್ ಪೆಟ್ಟಿಗೆಯ ಕಿಂಡಿಯಿಂದ ಮಗುವನ್ನು ತೆಗೆದರು. ತಲೆಗೆ ಉಣ್ಣೆಯ ಟೋಪಿ, ಮೂಗಿಗೆ ದಾರದಂಥ ಕೊಳವೆ, ಬೆನ್ನ ಮೇಲೆ ಎಳೆ ರೋಮ. ಆ ಜೀವ ಅವನ ಎದೆಗೆ ತಾಗಿತು. ಹಳೆಯ ಕಿಡಿಗಳು ಸುಟ್ಟು ಕಪ್ಪಾದ ಕಲೆಗಳ ನಡುವೆ ಒಂದು ಕೆನ್ನೆ ಒರಗಿತು. ಸಿಸ್ಟರ್ ಮೇಲೊಂದು ಬಟ್ಟೆ ಹೊದಿಸಿದರು. ಅವನ ಕಾಲು ತಾನಾಗಿಯೇ ಕುಣಿಯತೊಡಗಿತು. ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದ. ಬೆನ್ನು ತುರಿಸಿತು, ಮೂಗು ತುರಿಸಿತು. ಅಲ್ಲಾಡಲಿಲ್ಲ. ಮೇಲಿನ ಯಂತ್ರದ ಪರದೆಯಲ್ಲಿ ಮಗುವಿನ ಉಸಿರಿನ ಹಸಿರು ಗೆರೆ ಏಳುತ್ತ ಬೀಳುತ್ತ ಓಡುತ್ತಿತ್ತು. ಕಣ್ಣು ಅದಕ್ಕೇ ಅಂಟಿಕೊಂಡಿತು.

ಇದ್ದಕ್ಕಿದ್ದಂತೆ ಗೆರೆ ಚಪ್ಪಟೆಯಾಯಿತು. ಯಂತ್ರ ಕಿರುಚಿತು.

"ಸಿಸ್ಟರ್!"

"ಎದ್ದೇಳಬೇಡಿ!" ಸಿಸ್ಟರ್ ಓಡಿ ಬಂದರು. "ಉಸಿರಾಡೋದು ಮರೀತಾನೆ, ದಿನ ತುಂಬದ ಮಕ್ಕಳು ಮರೀತಾವೆ. ಬೆನ್ನು ಸವರಿ. ಇನ್ನೂ ಸ್ವಲ್ಪ ಜೋರಾಗಿ. ಕೂಗಿ ಅವನನ್ನ."

ಅವನು ಒರಟು ಬೆರಳಿನಿಂದ ಆ ಬೆನ್ನನ್ನು ಉಜ್ಜಿದ. "ಲೋ, ಲೋ ಮರೀ, ಉಸಿರಾಡೋ. ಅಪ್ಪ ಇಲ್ಲೇ ಇದೀನಿ, ಎಲ್ಲೂ ಹೋಗಲ್ಲ ಕಣೋ, ಉಸಿರಾಡೋ." ಯಂತ್ರ ಕಿರುಚುತ್ತಲೇ ಇತ್ತು. ಬೆರಳ ಕೆಳಗೆ ಮೂಳೆಗಳು ಹಕ್ಕಿಯವುಗಳಷ್ಟು ಸಣ್ಣವು. ಆಮೇಲೆ ಎದೆಯ ಮೇಲೆ ಒಂದು ನಡುಕ, ಒಂದು ಬಿಕ್ಕಳಿಕೆ. ಗೆರೆ ಎದ್ದಿತು.

"ಸ್ತೋತ್ರ ಸ್ವಾಮಿ."

ಬಾಯಿಂದ ಮಾತು ಜಾರಿಯೇ ಹೋಯಿತು. ಹೇಳಬೇಕೆಂದು ಹೇಳಿದ್ದಲ್ಲ. ಮಗಳಿಗೆ ಮೋಸ ಮಾಡಿದೆನೆಂಬ ನೋವು ಈಗ ಬಂದೀತು ಎಂದು ಅವನು ಉಸಿರು ಬಿಗಿಹಿಡಿದು ಕಾದ. ಬಂದದ್ದು ಅವಳೇ. ಅವಳು ಹೇಗಿದ್ದಳು ಎಂಬುದೆಲ್ಲ, ತಾನು ಓಡಿ ಓಡಿ ಹಿಂದೆ ಬಿಟ್ಟಿದ್ದೆಲ್ಲ, ಕೂತ ಕಡೆಗೇ ಬಂದು ಹಿಡಿಯಿತು. ಅವನು ಮಗನನ್ನು ಎದೆಯ ಮೇಲಿಟ್ಟುಕೊಂಡು ದನಿಯಿಲ್ಲದೆ ಅತ್ತ. ಯಾಕೆ ತಗೊಂಡೆ ಅವಳನ್ನ ಎಂದು ಒಳಗೇ ಕೇಳಿದ. ಉತ್ತರ ಬರಲಿಲ್ಲ. ಆದರೂ ಕೇಳುವುದಕ್ಕೆ ಎದುರಿಗೆ ಒಬ್ಬನಿದ್ದಾನೆ ಎಂದು ಅಷ್ಟು ದಿನಗಳಲ್ಲಿ ಮೊದಲ ಸಲ ಅನ್ನಿಸಿತು.

ಸಂಜೆ ಮೇಲಿನ ವಾರ್ಡಿಗೆ ಹೋಗಿ ಹೆಂಡತಿಯ ಮಂಚದ ಅಂಚಿಗೆ ಕೂತ. ಅವಳು ಆಶ್ಚರ್ಯದಿಂದ ನೋಡಿದಳು.

"ಏನ್ರೀ, ಕೂತ್ಬಿಟ್ರಿ? ಮಗು...?"

"ಚೆನ್ನಾಗಿದಾನೆ. ಎದೆ ಮೇಲೆ ಮಲಗಿದ್ದ." ಅವಳ ಹೊದಿಕೆಯ ಅಂಚು ಸರಿಮಾಡಿದ. "ಅವಳ ಬಗ್ಗೆ ನಿನಗೆ ಏನೂ ಹೇಳಲೇ ಇಲ್ಲ ನಾನು. ನೀನೂ ಕೇಳಲಿಲ್ಲ."

"ಕೇಳೋಕೆ ನೀವು ಒಂದು ಕಡೆ ನಿಂತ್ರೆ ತಾನೆ?" ಅವಳ ಕಣ್ಣು ತುಂಬಿ ಬಂತು. "ಹೇಳಿ. ಹೇಗಿದ್ಲು?"

ಅವನು ಹೇಳಿದ. ಕೂದಲು ಕಪ್ಪಗೆ, ದಟ್ಟವಾಗಿ, ಹಣೆಯವರೆಗೂ ಇಳಿದಿತ್ತು. ಕಿವಿ ಥೇಟ್ ನಿನ್ನದೇ. ಹುಬ್ಬು ಗಂಟುಹಾಕಿಕೊಂಡು ಯಾರ ಮೇಲೋ ಸಿಟ್ಟಾದ ಹಾಗೆ ಮಲಗಿದ್ದಳು. ಉಗುರು, ಅಷ್ಟು ಚಿಕ್ಕ ಬೆರಳಿಗೆ ಉಗುರೂ ಇತ್ತು ಕಣೇ. "ಡಾಕ್ಟರು ನನ್ನ ಕರೆದ್ರು. ಇನ್ನು ಹೆಚ್ಚು ಹೊತ್ತಿಲ್ಲ ಅಂದ್ರು. ನಾನು ಅವಳ ಅಂಗೈಯಲ್ಲಿ ನನ್ನ ಬೆರಳು ಇಟ್ಟೆ. ಹಿಡ್ಕೊಂಡ್ಲು. ಗಟ್ಟಿಯಾಗಿ. ಹೋಗೋವರೆಗೂ ಬಿಡಲಿಲ್ಲ. ಅದನ್ನ ನಿನಗೆ ಹೇಗೆ ಹೇಳಲಿ ಅಂತ..."

ಹೆಂಡತಿ ಅವನ ಕೈಯನ್ನು ಎಳೆದುಕೊಂಡು ಆ ಬೆರಳನ್ನು ಕೆನ್ನೆಗೆ ಒತ್ತಿಕೊಂಡಳು. "ಒಬ್ಬಳೇ ಹೋದ್ಲು ಅಂತ ಅಂದ್ಕೊಂಡಿದ್ದೆ ನಾನು," ಎಂದಳು. "ಒಬ್ಬಳೇ, ಯಂತ್ರಗಳ ನಡುವೆ." ಮತ್ತೆ ಮತ್ತೆ ಅದನ್ನೇ ಅನ್ನುತ್ತ ಅತ್ತಳು. ಅಳು ಇಳಿದ ಮೇಲೆ ಅವಳ ಮುಖ ಬೇರೆಯಾಗಿತ್ತು.

ಬಟ್ಟಲು ತೆಗೆದುಕೊಳ್ಳಲು ಬಂದ ಅತ್ತೆ ಮಂಚದ ಸುತ್ತಲಿನ ಪರದೆಯ ಹತ್ತಿರವೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಮೂರು ಮನೆಗೆ ಕೇಳುವ ಆ ದನಿ ಆಗ ಪಿಸುಗುಟ್ಟುವಷ್ಟೇ ಇತ್ತು.

"ಸ್ತೋತ್ರ ಸ್ವಾಮಿ, ಕೂಸು ಅಪ್ಪನ ಬೆರಳು ಹಿಡ್ಕೊಂಡಿತ್ತು."

ಈ ಸಲ ಅವನು ತಡೆಯಲಿಲ್ಲ.

ಎಲ್ಲ ಅಲ್ಲಿಗೇ ಸರಿಹೋಯಿತೆಂದಲ್ಲ. ಮಗುವಿಗೆ ನಡುವೆ ಸೋಂಕು ತಗುಲಿ ಉಸಿರಾಟಕ್ಕೆ ದೊಡ್ಡ ಕೊಳವೆ ಹಾಕಬೇಕಾಯಿತು. ಡಾಕ್ಟರು ಭರವಸೆಯ ಮಾತು ಕೊಡಲೊಲ್ಲರು. ಅವನು ಪಡಸಾಲೆಯಲ್ಲಿ ತಿರುಗುವುದೂ ನಿಲ್ಲಲಿಲ್ಲ; ಆದರೆ ಕರೆದಾಗಲೆಲ್ಲ ಒಳಗೆ ಹೋಗಿ ಶರ್ಟು ಬಿಚ್ಚಿ ಕೂರುತ್ತಿದ್ದ. ಕೆಲವು ದಿನ ಸ್ತೋತ್ರ ಬರುತ್ತಿತ್ತು, ಕೆಲವು ದಿನ ಜಗಳ. ಎರಡನ್ನೂ ಅಲ್ಲೇ ಕೂತು, ಅದೇ ಎದೆಯಿಂದ ಹೇಳುತ್ತಿದ್ದ.

ಹೆಂಡತಿಗೆ ಮನೆಗೆ ಹೋಗಲು ಒಪ್ಪಿಗೆ ಸಿಕ್ಕಿದ ದಿನ ಅವಳು ಮನೆಗೆ ಬೇಡ, ಮೊದಲು ಅಲ್ಲಿಗೆ ಎಂದಳು. ಪಾದ್ರಿಗಳು ಕಾರು ತಂದರು. ಸ್ಮಶಾನದ ಮೂಲೆಯಲ್ಲಿ ಮಣ್ಣು ಇನ್ನೂ ಹಸಿಯಾಗಿತ್ತು. ಎರಡು ಎಳೆ ಹುಲ್ಲು ಚಿಗುರಿತ್ತು. ಅವಳು ಹೊಟ್ಟೆ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ, ಅಂಗೈಯನ್ನು ಮಣ್ಣಿನ ಮೇಲಿಟ್ಟಳು.

"ಅಮ್ಮ ಬಂದಿದೀನಿ ಪುಟ್ಟಿ," ಎಂದಳು. "ತಡ ಆಯ್ತು."

ಪಾದ್ರಿಗಳು ಪುಟ್ಟದಾಗಿ ಪ್ರಾರ್ಥನೆ ಮಾಡಿದರು. ಸತ್ತವರನ್ನು ದೇವರು ತಿರುಗಿ ಎಬ್ಬಿಸುವ ದಿನದ ಬಗ್ಗೆಯೂ ಒಂದು ಮಾತು ಹೇಳಿದರು. ಅವನು ಹೆಂಡತಿಯ ಭುಜ ಹಿಡಿದು ನಿಂತಿದ್ದ. ಆ ಮಾತು ಪೂರ್ತಿ ಅರ್ಥವಾಯಿತೆಂದು ಅವನು ಹೇಳಲಾರ. ನಂಬಬೇಕೆನ್ನಿಸಿತು, ಅಷ್ಟೇ, ಅದೂ ಹಸಿವಿನಷ್ಟು ಬಲವಾಗಿ.

ಹೆಂಡತಿ ಥಟ್ಟನೆ ಎದ್ದು ನಿಂತಳು. ಅವಳ ಎದೆಯ ಬಟ್ಟೆಯ ಮೇಲೆ ಎರಡು ಒದ್ದೆ ಕಲೆಗಳು ಹರಡುತ್ತಿದ್ದವು.

"ರೀ, ಹಾಲು ಇಳೀತಿದೆ," ಎಂದಳು. "ಅವನು ಕಾಯ್ತಿರ್ತಾನೆ. ನಡೀರಿ, ಬೇಗ."