ಬಿಸಿ ಕಲ್ಲಿನ ಮಂಚ

ಮಗನ ಮದುವೆಗೆ ನಾನು ಕೊಟ್ಟ ಉಡುಗೊರೆ ಒಂದು ಕಲ್ಲಿನ ಮಂಚ. ಒಳಗೆ ಕರೆಂಟಿನ ತಂತಿ, ಮೇಲೆ ನುಣುಪಾದ ಕಲ್ಲುಹಾಸು. ಗುಂಡಿ ಒತ್ತಿದರೆ ಬೆಳಗಿನವರೆಗೂ ಸೊಂಟ ಕಾಯಿಸುತ್ತದೆ. ಮೈ ಬೆಚ್ಚಗಿದ್ದರೆ ಮಕ್ಕಳು ಬೇಗ ಆಗುತ್ತವೆ ಎಂದು ನಮ್ಮ ಆಂದೊಂಗ್ ಊರಿನ ಹೆಂಗಸರೆಲ್ಲ ನಂಬಿದ್ದೆವು. ಹೆಚ್ಚು ಕಾಯುವ ಮಗ್ಗುಲು ಗಂಡಸಿಗೆ ಎಂದು ಸೊಸೆ ಹೇರಾನ್‌ಗೆ ಹೇಳಿಕೊಟ್ಟವಳೂ ನಾನೇ.

ಒಂದೇ ಮನೆಯಲ್ಲಿ ಮೂವರೂ ಮೂರು ವರ್ಷ ಕಾದೆವು. ಸೊಸೆಗೆ ಕಷಾಯದ ಮೇಲೆ ಕಷಾಯ ಕುಡಿಸಿದೆ, ಬುದ್ಧನ ಮುಂದೆ ಅವಳ ಹೆಸರಿನಲ್ಲಿ ದೀಪ ಹಚ್ಚಿಸಿದೆ. ಅವಳ ಪರೀಕ್ಷೆಗಳೆಲ್ಲ ಸರಿಯಾಗಿವೆ ಎಂದು ಬಂದ ದಿನವೂ ಒಂದು ಲೋಟ ಹಿಡಿದು ನಿಂತಿದ್ದೆ. ಅವಳು ಅದನ್ನು ಕೆಳಗಿಟ್ಟಳು.

"ಅತ್ತೆ, ಇವ್ರನ್ನೂ ಒಂದ್ಸಲ ಡಾಕ್ಟ್ರು ನೋಡ್ಲಿ. ಆಮೇಲೂ ಏನೂ ಸಿಗ್ಲಿಲ್ಲ ಅಂದ್ರೆ ಇಡೀ ಪಾತ್ರೆ ಕುಡೀತೀನಿ."

ಮಗ ಗಿಚಾನ್ ಬೇಡವೆಂದರೂ ನಾನೂ ಅವರಿಬ್ಬರ ಜೊತೆಗೆ ಹೋದೆ. ಡಾಕ್ಟರು ವರದಿ ನೋಡಿ, ವೀರ್ಯಾಣುಗಳು ಒಂದು ಮಿಲಿಲೀಟರಿಗೆ ಮೂವತ್ತು ಲಕ್ಷ ಮಾತ್ರ ಇವೆ ಎಂದರು. ನನಗೆ ಜೀವ ಬಂದಂತಾಯಿತು. ಒಂದು ಮಗುವಿಗೆ ಅಷ್ಟು ಸಾಲದೇ ಎಂದು ಕೇಳಿಯೇಬಿಟ್ಟೆ.

"ಹೊರಟಿದ್ದೆಲ್ಲ ತಲುಪಲ್ಲಮ್ಮ. ದಾರೀಲೇ ಹೆಚ್ಚುಕಡಿಮೆ ಎಲ್ಲ ಉದುರಿಹೋಗುತ್ತೆ. ಕಡಿಮೆ ಅಂದ್ರೂ ಒಂದು ಕೋಟಿ ಅರವತ್ತು ಲಕ್ಷ ಇರ್ಬೇಕು," ಎಂದರು.

ಹಾಗಾದರೆ ದಿನಾ ಇದ್ದಿಲು ಸುಡುವ ಗೂಡಿನ ಶಾಖದಲ್ಲಿ ಬೆವರಲು ಕೂರಿಸುತ್ತೇನೆ, ಮನೆಯಲ್ಲಿ ಬಿಸಿ ಮಂಚ ಇದ್ದೇ ಇದೆ ಎಂದೆ. ಡಾಕ್ಟರ ಪೆನ್ನು ನಿಂತಿತು. ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಕೇಳಿದರು. ರಾತ್ರಿಯೆಲ್ಲ, ನಲವತ್ತೈದು ಡಿಗ್ರಿ ಎಂದ ಗಿಚಾನ್, ನೆಲ ನೋಡುತ್ತ.

ವೀರ್ಯ ಹುಟ್ಟುವ ಜಾಗ ಮೈಗಿಂತ ತುಸು ತಣ್ಣಗಿರಬೇಕಂತೆ. ಅದಕ್ಕೇ ಅದು ದೇಹದ ಹೊರಗೆ ತೂಗುವುದಂತೆ. ಅಲ್ಲಿನ ರಕ್ತನಾಳ ಊದಿಲ್ಲ, ಹಾರ್ಮೋನು ಸರಿಯಿದೆ, ಬಿಸಿಯೊಂದೇ ಕಾರಣ ಎಂದು ಹೇಳಲಾಗದು, ಆದರೆ ಅದನ್ನೂ ಸಿಗರೇಟನ್ನೂ ಬಿಟ್ಟು ನೋಡೋಣ ಎಂದರು. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಮೂರು ತಿಂಗಳಿಗೆ ಬನ್ನಿ ಎಂದರು.

ಆಸ್ಪತ್ರೆಯ ಮೆಟ್ಟಿಲಲ್ಲಿ ಸೊಸೆಯ ಮುಖ ನೋಡಲಾಗಲಿಲ್ಲ.

"ತಪ್ಪು ನಂದು ಕಣೇ ಮಗ್ಳೆ."

"ಹೌದು ಅತ್ತೆ," ಎಂದು ಅವಳು ನನ್ನ ಮೊಣಕೈ ಹಿಡಿದಳು. "ಬನ್ನಿ, ಮೊದ್ಲು ಹೋಗಿ ಪ್ಲಗ್ ಕೀಳೋಣ."

ಹೊರಗೆ ಹಿಮ ಬಿದ್ದಿತ್ತು. ಅವರಿಬ್ಬರೂ ಕೋಣೆ ಕಾಯಿಸುವ ನೆಲದಡಿಯ ಬಿಸಿಯನ್ನೂ ಆರಿಸಿ, ಕಾಲುಚೀಲ ಹಾಕಿ ಎರಡು ರಜಾಯಿಯಡಿ ಮಲಗಿದರು. ಅವರು ನಡುಗುವಾಗ ನಾನು ಬಿಸಿ ನೆಲದ ಮೇಲೆ ಹೇಗೆ ಮಲಗಲಿ? ನನ್ನ ಕೋಣೆಯ ಬಿಸಿಯನ್ನೂ ಆರಿಸಿ, ಬೆಳಗ್ಗೆ ಎದ್ದು ನೂರೆಂಟು ನಮಸ್ಕಾರ ಹಾಕಿ ಬೆವರುತ್ತಿದ್ದೆ. ಬಾಯಲ್ಲಿ ಬುದ್ಧನ ಸೂತ್ರ, ಮನಸ್ಸಿನಲ್ಲಿ ಮಾತ್ರ ಆ ಒಂದು ಕೋಟಿ ಅರವತ್ತು ಲಕ್ಷ. ಗಿಚಾನ್ ಸಿಗರೇಟಿನ ಬದಲು ಹುರಿದ ಕಡಲೆಕಾಯಿ ತಿಂದು ತಿಂದು ಮನೆ ತುಂಬ ಸಿಪ್ಪೆ ಚೆಲ್ಲಿದ. ಸೊಸೆ ಬಯ್ಯಲಿಲ್ಲ.

ಮಾರ್ಚಿನಲ್ಲಿ ಮತ್ತೆ ಪರೀಕ್ಷೆಯಾಯಿತು. ಫಲಿತಾಂಶದ ದಿನ ಬಸ್ಸಿನಲ್ಲಿ ನನಗೆ ಕೂರಲಾಗಲಿಲ್ಲ.

"ಕೂತ್ಕೊಳಮ್ಮ, ನೀನು ನಿಂತ್ರೆ ಅದೇನೂ ಜಾಸ್ತಿಯಾಗಲ್ಲ," ಎಂದ ಗಿಚಾನ್. ಅವನೂ ನಿಂತೇ ಇದ್ದ.

ಡಾಕ್ಟರು ಕನ್ನಡಕ ಏರಿಸಿ ಓದಿದರು. ಒಂದು ಕೋಟಿ ತೊಂಬತ್ತು ಲಕ್ಷ. ಅರ್ಧಕ್ಕಿಂತ ಹೆಚ್ಚು ಚೆನ್ನಾಗಿ ಈಜುತ್ತಿವೆ. ಗಿಚಾನ್ ಇನ್ನೊಮ್ಮೆ ಓದಿಸಿದ. ಹೇರಾನ್ ಕಾಗದ ತೆಗೆದುಕೊಂಡು ಸೊನ್ನೆಗಳನ್ನು ಬೆರಳಿಟ್ಟು ಎಣಿಸಿದಳು, ನಗುತ್ತ ಕಣ್ಣೊರೆಸಿಕೊಂಡಳು. ಇದರಿಂದ ಮಗು ಖಚಿತ ಎಂದಲ್ಲ, ಆದರೆ ದಾರಿ ತೆರೆದಿದೆ, ಕೆಲವು ತಿಂಗಳು ಮನೆಯಲ್ಲೇ ಪ್ರಯತ್ನಿಸಿ ಎಂದರು ಡಾಕ್ಟರು. ಈ ವಾರ ಒಳ್ಳೆಯ ದಿನಗಳೇ ಎಂದೂ ಸೊಸೆಯ ಮುಟ್ಟಿನ ದಿನಗಳ ಚೀಟಿ ನೋಡಿ ಹೇಳಿದರು.

ಹೊರಗೆ ಬಂದು ನಾನು ಬಾಯಿ ನಿಲ್ಲಿಸದೆ ಅಡುಗೆಯ ಯೋಜನೆ ಹೇಳುತ್ತಿದ್ದೆ. ಹೇರಾನ್ ಕಿವಿ ಕೆಂಪಾಗಿ ನನ್ನ ತೋಳು ಜಗ್ಗಿದಳು.

"ಅತ್ತೆ, ಚಿಕ್ಕತ್ತೆ ಮನೇಗೆ ಹೋಗ್ದೆ ತುಂಬ ದಿನ ಆಯ್ತಲ್ವಾ ನೀವು?"

ಅವಳ ಮಾತಿನ ಅರ್ಥ ಹೊಳೆಯಲು ನನಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ನೋಡಿದರೆ ನನ್ನ ತಂಗಿಯ ಊರಿನ ಬಸ್ಸು ರಸ್ತೆಯಾಚೆ ಹೊರಡುತ್ತಿತ್ತು. ಉದ್ದ ಕೋಟು ಎರಡೂ ಕೈಯಲ್ಲಿ ಎತ್ತಿಕೊಂಡು ಓಡಿದೆ.